ಮನೆ ಪಾರ್ಟಿಯಲ್ಲಿ ಮಕ್ಕಳು ಕುಡಿದರೆ ದೊಡ್ಡವರ ಹೊಣೆ ಎಷ್ಟು?

"ಹೊರಗೆ ಕದ್ದು ಕುಡಿಯೋದಕ್ಕಿಂತ ನಮ್ಮ ಕಣ್ಣೆದುರಿಗೇ ಒಂದು ಬಿಯರ್ ಕುಡೀಲಿ ಬಿಡಿ." ಹಾಸನ, ಚಿಕ್ಕಮಗಳೂರು ಕಡೆ ಈ ಮಾತು ಕಿವಿಗೆ ಬೀಳದ ಮನೆ ಕಡಿಮೆ. ಹೇಳುವವರು ಕೆಟ್ಟವರಲ್ಲ. ಮಗ ಎಲ್ಲೋ ಬಾರಿನ ಹಿಂದೆ ಕತ್ತಲಲ್ಲಿ ನಿಂತು ಕುಡಿದು, ಬೈಕ್ ಹತ್ತಿ, ಸಕಲೇಶಪುರದ ತಿರುವಿನಲ್ಲಿ ಬಿದ್ದಾನೆಂಬ ಭಯ ಅವರಿಗೆ. ಮನೆಯಲ್ಲಾದರೆ ಕಾಯಬಹುದು ಎಂಬ ನಂಬಿಕೆ. ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ಆ ಮಾತಿಗೆ ನಮ್ಮ ಕಾನೂನಿನಲ್ಲಿ ಎಲ್ಲೂ ಆಸರೆಯಿಲ್ಲ. ಹದಿನೆಂಟು ತುಂಬದವರಿಗೆ ಮದ್ಯ ಕೊಟ್ಟರೆ, ಕೊಟ್ಟವರು ಅಪ್ಪನೇ ಆಗಿರಲಿ, ಜಾಗ ಸ್ವಂತ ಮನೆಯ ಊಟದ ಕೋಣೆಯೇ ಆಗಿರಲಿ, ಅದು ಅಪರಾಧ. ಶಿಕ್ಷೆ ಏಳು ವರ್ಷದವರೆಗೂ ಹೋಗಬಹುದು.

ಬಹಳ ಜನಕ್ಕೆ ಇದು ಗೊತ್ತಿಲ್ಲ. ಮದ್ಯದ ಕಾನೂನು ಎಂದರೆ ಅಬಕಾರಿ ಇಲಾಖೆ, ಬಾರ್, ಲೈಸೆನ್ಸ್, ಅಷ್ಟೇ ಎಂದುಕೊಂಡಿದ್ದೇವೆ. ಮನೆಯೊಳಗೆ ಯಾರು ಯಾರಿಗೆ ಏನು ಕೊಟ್ಟರೆ ಸರ್ಕಾರಕ್ಕೇನು ಎಂಬುದು ನಮ್ಮ ಎಣಿಕೆ. ಆದರೆ ಇಲ್ಲಿ ಮೊದಲು ಎದುರಾಗುವುದು ಅಬಕಾರಿ ಕಾಯ್ದೆಯಲ್ಲ, ಮಕ್ಕಳ ಕಾಯ್ದೆ. 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ 77ನೇ ಕಲಂ ಹೇಳುವುದು ಇಷ್ಟು: ಯಾರೇ ಆಗಲಿ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಉತ್ಪನ್ನ ಕೊಟ್ಟರೆ, ಅಥವಾ ಕೊಡಿಸಿದರೆ, ಏಳು ವರ್ಷದವರೆಗೆ ಕಠಿಣ ಸಜೆ, ಜೊತೆಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮಗು ಎಂದರೆ ಹದಿನೆಂಟು ತುಂಬದ ಯಾರಾದರೂ. ಗಡ್ಡ ಬಂದಿರಲಿ, ಆರಡಿ ಎತ್ತರವಿರಲಿ, ಕಾಯ್ದೆಗೆ ಅವನು ಮಗುವೇ.

ಈ ಕಲಮಿನಲ್ಲಿ ಇರುವುದು ಒಂದೇ ವಿನಾಯಿತಿ, ಅರ್ಹ ವೈದ್ಯರ ಸೂಚನೆ. ಕೆಲವು ದೇಶಗಳಲ್ಲಿ ತಂದೆತಾಯಿ ತಮ್ಮ ಮನೆಯಲ್ಲಿ ತಮ್ಮ ಮಕ್ಕಳಿಗೆ ಸ್ವಲ್ಪ ಕೊಡುವುದನ್ನು ಕಾನೂನು ಒಪ್ಪುತ್ತದೆ. ಇಂಗ್ಲೆಂಡಿನಲ್ಲಿ ಹಾಗಿದೆ. ನಮ್ಮಲ್ಲಿ ತಂದೆತಾಯಿಗೆ ಅಂಥ ರಿಯಾಯಿತಿ ಇಲ್ಲ. "ಅವರಪ್ಪನೇ ಒಪ್ಪಿದ್ದಾರಲ್ಲ" ಎಂದು ಮಾವ ಹೇಳಿದರೆ ಮಾವನೂ ಪಾರಾಗುವುದಿಲ್ಲ, ಒಪ್ಪಿದ ಅಪ್ಪನೂ ಪಾರಾಗುವುದಿಲ್ಲ.

ನಮ್ಮ ಕಡೆಯ ಬೀಗರೂಟವನ್ನೇ ತೆಗೆದುಕೊಳ್ಳೋಣ. ಮದುವೆ ಮುಗಿದ ಮೇಲಿನ ಬಾಡೂಟ. ಹಿರಿಯರು ಮುಂದೆ ಮುದ್ದೆ ಸಾರು ಉಣ್ಣುತ್ತಿದ್ದರೆ, ಹಿತ್ತಲಲ್ಲಿ ಅಥವಾ ತೋಟದ ಮನೆಯಲ್ಲಿ ಇನ್ನೊಂದು ಪಂಕ್ತಿ ಕೂತಿರುತ್ತದೆ. ಹೊಸತೊಡಕಿನ ದಿನವೂ ಹಾಗೆಯೇ. ಎಸ್ಸೆಸ್ಸೆಲ್ಸಿ ಮುಗಿಸಿದ ಅಕ್ಕನ ಮಗ ಅಲ್ಲಿಗೆ ಬಂದರೆ ಯಾರಾದರೊಬ್ಬರು, "ಬಾರೋ, ಒಂದ್ ಗುಟುಕು ಹಾಕು, ಏನಾಗಲ್ಲ, ಗಂಡಸಲ್ವೇನೋ" ಎಂದು ಲೋಟ ಹಿಡಿಸುತ್ತಾರೆ. ಎಲ್ಲರೂ ನಗುತ್ತಾರೆ. ಕಾನೂನಿನ ಕಣ್ಣಿನಲ್ಲಿ ಆ ಲೋಟ ಹಿಡಿಸಿದ ಕ್ಷಣಕ್ಕೇ 77ನೇ ಕಲಂ ಪೂರ್ತಿಯಾಯಿತು. ಹುಡುಗ ಎಷ್ಟು ಕುಡಿದ, ಅಮಲೇರಿತೋ ಇಲ್ಲವೋ, ಅಪಘಾತವಾಯಿತೋ ಇಲ್ಲವೋ ಎಂಬುದು ಬೇಕಿಲ್ಲ. ಕೊಡುವುದೇ ಅಪರಾಧ. ಎಸ್ಟೇಟ್ ಕಡೆ ಮನೆಯಲ್ಲೇ ಮಾಡುವ ವೈನ್ ಕೂಡ ಅಮಲು ಬರಿಸುವುದಾದರೆ ಇದೇ ಲೆಕ್ಕಕ್ಕೆ ಬರುತ್ತದೆ. ಅದು ಹಣ್ಣಿನ ರಸ ಎಂಬ ವಾದ ನಿಲ್ಲದು.

"ಕೊಡಿಸಿದರೆ" ಎಂಬ ಮಾತಿನ ಹರವು ದೊಡ್ಡದು. ಲೋಟಕ್ಕೆ ಸುರಿದ ಕೈ ಮಾತ್ರ ಅಲ್ಲ, ಹುಡುಗರು ಕುಡಿಯಲೆಂದೇ ಬಾಟಲಿ ತರಿಸಿದವರು, ಅದಕ್ಕೆ ಫೋನ್‌ಪೇನಲ್ಲಿ ದುಡ್ಡು ಹಾಕಿದವರು ಕೂಡ ಅದರೊಳಗೆ ಬರಬಹುದು. ಅದೇ ಕಾಯ್ದೆಯ 87ನೇ ಕಲಂ ಕುಮ್ಮಕ್ಕು ಕೊಟ್ಟವರಿಗೂ ಅಪರಾಧ ಮಾಡಿದವರಷ್ಟೇ ಶಿಕ್ಷೆ ಎನ್ನುತ್ತದೆ. ಈಗಿನ ಕಾಲದಲ್ಲಿ ಇದನ್ನು ಸಾಬೀತು ಮಾಡುವುದು ಮೊದಲಿನಷ್ಟು ಕಷ್ಟವಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರು ಏನು ತರಬೇಕೆಂದು ಪಟ್ಟಿ ಹಾಕಿರುತ್ತಾರೆ. ಯುಪಿಐ ಲೆಕ್ಕ ಬ್ಯಾಂಕಿನಲ್ಲಿ ಉಳಿಯುತ್ತದೆ. ವೈನ್ ಸ್ಟೋರಿನ ಸಿಸಿಟಿವಿ ಇರುತ್ತದೆ. ಪಾರ್ಟಿಯ ವಿಡಿಯೋ ಹುಡುಗರೇ ಸ್ಟೇಟಸ್‌ಗೆ ಹಾಕಿರುತ್ತಾರೆ.

ಇದಕ್ಕೆ ತಾಗಿಕೊಂಡೇ ಇರುವ 78ನೇ ಕಲಂ ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರದ್ದು. ಮದ್ಯ ಮಾರಲು, ಸಾಗಿಸಲು, ಒದಗಿಸಲು ಮಗುವನ್ನು ಬಳಸಿದರೂ ಏಳು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. "ಹೋಗೋ ಮಗಾ, ಬ್ರಾಂದಿ ಅಂಗಡೀಲಿ ಒಂದ್ ಕ್ವಾರ್ಟರ್ ತಗೊಂಡು ಬಾ" ಎಂದು ಹದಿಮೂರರ ಹುಡುಗನನ್ನು ಓಡಿಸುವುದು ಎಷ್ಟೋ ಮನೆಗಳಲ್ಲಿ ದಿನದ ಮಾತು. ತೋಟದ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಬಟವಾಡೆ ದಿನದ ಸಂಜೆ ಅದು ಇನ್ನೂ ಹೆಚ್ಚು. ದೊಡ್ಡ ಊರಿನಲ್ಲಿ ಕುಡಿದ ಹುಡುಗನ ದೊಡ್ಡ ಕಾರು ಗುದ್ದಿದರೆ ದೇಶವೆಲ್ಲ ಮಾತಾಡುತ್ತದೆ. ಲೈನ್ ಮನೆಯ ಮಗು ಬಾಟಲಿ ಹಿಡಿದು ಮಣ್ಣು ರಸ್ತೆಯಲ್ಲಿ ಓಡುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಯ್ದೆಯ ರಕ್ಷಣೆ ಇಬ್ಬರಿಗೂ ಒಂದೇ ಎಂಬುದನ್ನು ತೋಟದ ಮಾಲೀಕರು, ರೈಟರ್‌ಗಳು, ಮೇಸ್ತ್ರಿಗಳು ತಿಳಿದಿರಬೇಕು.

ಇಲ್ಲಿಗೆ ಸರಳ ಭಾಗ ಮುಗಿಯಿತು. ಕೊಟ್ಟರೆ ತಪ್ಪು. ಕೊಡದೆ, ಸುಮ್ಮನೆ ಇದ್ದರೆ?

ಹಾಸನದ ಯಾವುದೋ ಬಡಾವಣೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಅಮ್ಮ ಧರ್ಮಸ್ಥಳಕ್ಕೆ ಹೋಗಿದ್ದಾರೆ. ದ್ವಿತೀಯ ಪಿಯು ಪರೀಕ್ಷೆ ಮುಗಿಸಿದ ಮಗ ಗೆಳೆಯರನ್ನು ಕರೆದ. ಒಬ್ಬ ಗೆಳೆಯನ ಅಣ್ಣ, ಡಿಗ್ರಿ ಓದುವವನು, ಬಾಟಲಿ ತಂದುಕೊಟ್ಟ. ಮನೆ ಯಜಮಾನರಿಗೆ ಏನೂ ಗೊತ್ತಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥದ್ದಕ್ಕೆಂದೇ ಆತಿಥೇಯರ ಹೊಣೆಯ ಕಾನೂನುಗಳಿವೆ. ಮದ್ಯವನ್ನು ಯಾರೇ ತಂದಿರಲಿ, ತನ್ನ ಜಾಗದಲ್ಲಿ ಅಪ್ರಾಪ್ತರು ಕುಡಿಯುವುದು ಗೊತ್ತಿದ್ದೂ ಬಿಟ್ಟ ಮನೆಯವನನ್ನು ಅವು ಹಿಡಿಯುತ್ತವೆ. ನಮ್ಮ ಬಾಲನ್ಯಾಯ ಕಾಯ್ದೆಯಲ್ಲಿ ಹಾಗೆ ಸೂರಿನ ಮೇಲೆ ಹೊಣೆ ಹೊರಿಸುವ ಕಲಂ ಇಲ್ಲ. ಅದು ಕೊಟ್ಟವರನ್ನು, ಕೊಡಿಸಿದವರನ್ನು ಹುಡುಕುತ್ತದೆ. ಆದ್ದರಿಂದ ನಿಜವಾಗಿಯೂ ಏನೂ ಗೊತ್ತಿರದ ತಂದೆತಾಯಿ ಮೇಲೆ 77 ನಿಲ್ಲುವುದು ಕಷ್ಟ. ಬಾಟಲಿ ತಂದ ಆ ಅಣ್ಣನ ಮೇಲೆ ನಿಲ್ಲುತ್ತದೆ.

ಈ ಅಣ್ಣನ ವಿಷಯವನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಹುಡುಗರು ಇದನ್ನು ಯೋಚಿಸಿಯೇ ಇರುವುದಿಲ್ಲ. ಕಳೆದ ತಿಂಗಳು ಹದಿನೆಂಟು ತುಂಬಿದವನು ಕಾನೂನಿಗೆ ಪೂರ್ಣ ವಯಸ್ಕ. ಇನ್ನೂ ಹದಿನೇಳರಲ್ಲಿರುವ ತನ್ನದೇ ತರಗತಿಯ ಗೆಳೆಯನಿಗೆ ಬಿಯರ್ ಕೊಟ್ಟರೆ ಅವನು ಆ ಪಾರ್ಟಿಯ "ದೊಡ್ಡವನು". ಏಳು ವರ್ಷದ ಕಲಂ ಅವನ ತಲೆ ಮೇಲಿರುತ್ತದೆ. ಕೊಟ್ಟವನೂ ಹದಿನೆಂಟರೊಳಗಿನವನಾದರೆ ಅವನ ವಿಚಾರಣೆ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು ಎಂದು. ಕುಡಿದವನನ್ನು ಮಾತ್ರ 77ನೇ ಕಲಂ ಅಪರಾಧಿಯಾಗಿ ನೋಡುವುದಿಲ್ಲ. ಅವನು ಇಲ್ಲಿ ಅಪರಾಧಕ್ಕೆ ಒಳಗಾದ ಮಗು.

ಇನ್ನು ಗೊತ್ತಿದ್ದೂ ಸುಮ್ಮನಿದ್ದವರು. ಮಹಡಿ ಮೇಲೆ ಹುಡುಗರು ಕುಡಿಯುತ್ತಿದ್ದಾರೆಂದು ತಿಳಿದು ಕೆಳಗೆ ಟಿವಿ ನೋಡುತ್ತ ಕೂತ ಅಪ್ಪ. ಇವರಿಗೆ ಅನ್ವಯವಾಗಬಹುದಾದದ್ದು 75ನೇ ಕಲಂ. ಮಗುವಿನ ಹೊಣೆ ಅಥವಾ ಹತೋಟಿ ಯಾರ ಕೈಯಲ್ಲಿದೆಯೋ ಅವರು, ಮಗುವಿಗೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆಯಾಗುವ ಹಾಗೆ ಬೇಕೆಂದೇ ನಿರ್ಲಕ್ಷ್ಯ ಮಾಡಿದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ದಂಡ, ಅಥವಾ ಎರಡೂ. ಇಲ್ಲಿ ಎಲ್ಲವೂ ಪುರಾವೆಯ ಮೇಲೆ ನಿಂತಿರುತ್ತದೆ. ಎಷ್ಟು ಗೊತ್ತಿತ್ತು, ತಡೆಯಲು ಸಾಧ್ಯವಿತ್ತೇ, ತಡೆಯದೆ ಬಿಟ್ಟದ್ದರಿಂದ ಮಗುವಿಗೆ ಏನಾಯಿತು ಎಂದು ನ್ಯಾಯಾಲಯ ಕೇಳುತ್ತದೆ. ಯಾರಾದರೂ ಸತ್ತರೆ, ಆ ಸಾವಿಗೆ ಈ ನಿರ್ಲಕ್ಷ್ಯವೇ ಕಾರಣ ಎಂದು ತೋರಿಸಲಾದರೆ, ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆ ಇದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದ ಸಂಹಿತೆ ಇದೇ.

ನನ್ನ ಅಭಿಪ್ರಾಯ ಕೇಳಿದರೆ, ಕಾನೂನಿನ ದುರ್ಬಲ ಜಾಗ ಇದು. ಕೈಯಲ್ಲಿ ಕೊಟ್ಟವನಿಗೆ ಏಳು ವರ್ಷ, ಮನೆ ಬಿಟ್ಟುಕೊಟ್ಟು ಕಣ್ಣು ಮುಚ್ಚಿಕೊಂಡವನಿಗೆ ಸ್ಪಷ್ಟವಾಗಿ ಏನೂ ಇಲ್ಲ. ಗಾಂಜಾ ಮುಂತಾದವುಗಳಿಗೆ ಹಾಗಿಲ್ಲ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಂ, ಗೊತ್ತಿದ್ದೂ ತನ್ನ ಮನೆ, ಕೋಣೆ, ಜಾಗವನ್ನು ಅಪರಾಧಕ್ಕೆ ಬಳಸಲು ಬಿಟ್ಟವನಿಗೂ ಆ ಅಪರಾಧದ ಶಿಕ್ಷೆಯನ್ನೇ ಕೊಡುತ್ತದೆ. ಪಾರ್ಟಿಯಲ್ಲಿ ಮದ್ಯದ ಜೊತೆ ಗಾಂಜಾ ಕಾಣಿಸಿಕೊಂಡರೆ, "ನಾನು ಜಾಗ ಮಾತ್ರ ಕೊಟ್ಟಿದ್ದು" ಎಂಬ ಸಮಾಧಾನ ಅಲ್ಲಿಗೆ ಮುಗಿಯಿತು.

ಜಾಗ ಕೊಡುವವರ ಮಾತು ಬಂದರೆ ಮೂಡಿಗೆರೆ, ಸಕಲೇಶಪುರ, ಕಳಸ, ಮುಳ್ಳಯ್ಯನಗಿರಿ ತಪ್ಪಲಿನ ಹೋಂಸ್ಟೇಗಳನ್ನು ಬಿಡುವ ಹಾಗಿಲ್ಲ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಕಾಲೇಜು ಗುಂಪುಗಳು ಬರುತ್ತವೆ, ಬುಕ್ ಮಾಡಿದವನಿಗೆ ಇಪ್ಪತ್ತೆರಡು, ಜೊತೆಗಿದ್ದ ನಾಲ್ವರಿಗೆ ಹದಿನೇಳು. ಕ್ಯಾಂಪ್ ಫೈರ್ ಹಚ್ಚಿಕೊಟ್ಟು, ಐಸ್ ಮತ್ತು ಸೋಡಾ ಕೊಟ್ಟು, "ಅವರು ತಂದದ್ದು ಅವರು ಕುಡಿದರು" ಎಂದು ಮಾಲೀಕರು ಕೈ ತೊಳೆದುಕೊಳ್ಳುವುದುಂಟು. ಪರವಾನಗಿ ಇಲ್ಲದೆ ಮದ್ಯ ಮಾರಿದರೆ, ಬಾಡಿಗೆಯಲ್ಲೇ ಸೇರಿಸಿ ಕೊಟ್ಟರೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯೇ ಸಾಕು. ಅಪ್ರಾಪ್ತರಿಗೆ ತಾವೇ ಅಥವಾ ಕೆಲಸದವರ ಕೈಯಲ್ಲಿ ಬಾಟಲಿ ತರಿಸಿಕೊಟ್ಟರೆ 77 ನೇರವಾಗಿ ಬಂದು ನಿಲ್ಲುತ್ತದೆ. ಬಂದವರೆಲ್ಲರ ಆಧಾರ್ ನೋಡುವುದು, ಬುಕ್ ಮಾಡಿದವನದು ಮಾತ್ರ ಅಲ್ಲ, ಈ ವ್ಯವಹಾರದಲ್ಲಿ ಇರುವವರಿಗೆ ಅತ್ಯಂತ ಅಗ್ಗದ ರಕ್ಷಣೆ.

ವಯಸ್ಸಿನ ವಿಚಾರದಲ್ಲಿ ಒಂದು ಗೊಂದಲ ಬಹುದಿನದಿಂದ ಇದೆ. ಕರ್ನಾಟಕದಲ್ಲಿ ಕುಡಿಯಲು ಹದಿನೆಂಟೋ ಇಪ್ಪತ್ತೊಂದೋ? ಅಬಕಾರಿ ಕಾಯ್ದೆಯ 36ನೇ ಕಲಂ ಹದಿನೆಂಟರೊಳಗಿನವರಿಗೆ ಮಾರುವುದನ್ನು ಶಿಕ್ಷಿಸುತ್ತದೆ. ಪರವಾನಗಿದಾರರಿಗೆ ಇರುವ 1967ರ ನಿಯಮ ಇಪ್ಪತ್ತೊಂದು ಎನ್ನುತ್ತದೆ. 2023ರ ಆರಂಭದಲ್ಲಿ ಸರ್ಕಾರ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸುವ ಕರಡು ತಂದು, ವಿರೋಧ ಎದ್ದ ಮೇಲೆ ಕೈಬಿಟ್ಟಿತು. ಈ ಎರಡೂ ಅಂಗಡಿ, ಬಾರ್‌ಗಳ ಮಾರಾಟಕ್ಕೆ ಸಂಬಂಧಿಸಿದವು. ಮನೆಯಲ್ಲಿ ಕೊಡುವುದಕ್ಕೆ ಅನ್ವಯಿಸುವ ಬಾಲನ್ಯಾಯ ಕಾಯ್ದೆಯ ಗೆರೆ ಹದಿನೆಂಟು. ಹತ್ತೊಂಬತ್ತರ ಮಗನಿಗೆ ಮನೆಯಲ್ಲಿ ಬಿಯರ್ ಕೊಟ್ಟ ಅಪ್ಪನ ಮೇಲೆ 77 ಬರುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಸಿಎಲ್-5, ಅಂದರೆ ಸಾಂದರ್ಭಿಕ ಪರವಾನಗಿ ಪಡೆದು ಮಾಡುವ ಪಾರ್ಟಿಗಳಲ್ಲಿ ಅಬಕಾರಿ ಷರತ್ತುಗಳೂ ಜೊತೆಗೆ ಸೇರುತ್ತವೆ.

ಹದಿನೆಂಟು ತುಂಬಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಮುಖ ನೋಡಿ ಅಲ್ಲ. ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ಮೊದಲು, ಅದಿಲ್ಲದಿದ್ದರೆ ಪಂಚಾಯಿತಿ, ನಗರಸಭೆ ಕೊಟ್ಟ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. 77ನೇ ಕಲಮಿನಲ್ಲಿ "ಗೊತ್ತಿದ್ದು ಕೊಟ್ಟರೆ" ಎಂಬ ಮಾತೂ ಇಲ್ಲ. ದೊಡ್ಡವನ ಹಾಗೆ ಕಂಡ ಎಂಬ ಕಾರಣವನ್ನು ನಂಬಿ ಕೂರಬಾರದು.

ಪ್ರಕರಣ ನಡೆಯುವ ಬಗೆಯಲ್ಲಿ 2021ರ ತಿದ್ದುಪಡಿ ಒಂದು ತೊಡಕು ತಂದಿದೆ. ಬಾಲನ್ಯಾಯ ಕಾಯ್ದೆಯಲ್ಲಿ ಮೂರರಿಂದ ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳು ಈಗ ಅಸಂಜ್ಞೇಯ, ಆದರೆ ಜಾಮೀನುರಹಿತ. ಅಂದರೆ 77 ಒಂದೇ ಇದ್ದರೆ ಪೊಲೀಸರು ತಾವಾಗಿ ತನಿಖೆಗೆ ಇಳಿಯುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಠಾಣೆಯಲ್ಲಿ ದೂರು ಕೊಟ್ಟವರಿಗೆ "ಕೋರ್ಟಿಗೆ ಹೋಗಿ" ಎಂಬ ಉತ್ತರ ಸಿಗುವುದು ಇದರಿಂದ. ಆದರೆ ಅದೇ ಘಟನೆಯಲ್ಲಿ ಪೊಲೀಸರು ನೇರ ಕೈಹಾಕಬಹುದಾದ ಇನ್ನೊಂದು ಅಪರಾಧವಿದ್ದರೆ, ಉದಾಹರಣೆಗೆ ಅಪಘಾತದ ಸಾವು, ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ತನಿಖೆ ಮಾಡಬಹುದು. ಮಗುವಿಗೆ ವಿಷ ಕುಡಿಸಿದಂಥ ತಪ್ಪನ್ನು ಹೀಗೆ ಎರಡನೇ ಸಾಲಿಗೆ ತಳ್ಳಿದ್ದು ಸರಿಯಲ್ಲ ಎಂದು ನನಗನಿಸುತ್ತದೆ.

ಪುಣೆಯಲ್ಲಿ ಆದದ್ದು ಹಾಗೆ ಹಲವು ಅಪರಾಧಗಳು ಸೇರಿದ ಪ್ರಕರಣ. 2024ರ ಮೇ 19ರ ಬೆಳಗಿನ ಜಾವ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಶೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಹುಡುಗನ ತಂದೆಯ ಮೇಲೆ ಬಾಲನ್ಯಾಯ ಕಾಯ್ದೆಯ 75 ಮತ್ತು 77ನೇ ಕಲಂಗಳಡಿ ಪ್ರಕರಣ ದಾಖಲಾಯಿತು, ಮದ್ಯ ಕೊಟ್ಟ ಬಾರ್‌ನವರೂ ಬಂಧನಕ್ಕೊಳಗಾದರು. ತಂದೆ ಆ ರಾತ್ರಿ ಬಾರಿನಲ್ಲಿ ಇರಲಿಲ್ಲ. ಮಗನಿಗೆ ಪಾರ್ಟಿಗೆ ಹೋಗಲು ಬಿಟ್ಟದ್ದು, ಕಾರು ಕೊಟ್ಟದ್ದು ಆರೋಪದ ತಿರುಳು.

ವಾಹನ ಬಂದರೆ ದೊಡ್ಡವರ ಹೊಣೆ ಕಾನೂನಿನಲ್ಲಿ ಒಮ್ಮೆಲೇ ಗಟ್ಟಿಯಾಗುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಸಿನವನು ವಾಹನದ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ವಾಹನ ಬಳಸಲು ದೊಡ್ಡವರ ಒಪ್ಪಿಗೆ ಇತ್ತೆಂದೇ ನ್ಯಾಯಾಲಯ ಭಾವಿಸಿ ಮುಂದುವರಿಯುತ್ತದೆ. ಒಪ್ಪಿಗೆ ಇರಲಿಲ್ಲ, ಗೊತ್ತಿರಲಿಲ್ಲ, ತಡೆಯಲು ಆದದ್ದನ್ನೆಲ್ಲ ಮಾಡಿದ್ದೆ ಎಂದು ಸಾಬೀತು ಮಾಡುವ ಭಾರ ದೊಡ್ಡವರದೇ. ಗೋಡೆಯ ಮೊಳೆಗೆ ಬುಲೆಟ್ ಬೈಕಿನ ಕೀಲಿ ನೇತುಹಾಕಿ ಊರಿಗೆ ಹೋದವರು ಇದನ್ನು ಹೇಗೆ ಸಾಬೀತು ಮಾಡುತ್ತಾರೆ?

ಕುಡಿದು ಓಡಿಸುವುದು 185ನೇ ಕಲಂ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮೊದಲ ಸಲ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎನ್ನುವ 188ನೇ ಕಲಮನ್ನು ಪಾರ್ಟಿ ಮಾಡುವವರು ಯಾರೂ ಓದಿರುವುದಿಲ್ಲ. ಅತಿಥಿ ವಯಸ್ಕನೇ ಆದರೂ, ಅಮಲಿನಲ್ಲಿದ್ದಾನೆಂದು ಕಂಡೂ "ಹೋಗು, ನಿಧಾನಕ್ಕೆ ಹೋಗು" ಎಂದು ಕೀಲಿ ಕೈಗಿಟ್ಟವರು ಇದನ್ನು ತಿಳಿದಿರಲಿ. ಚಾರ್ಮಾಡಿ, ಶಿರಾಡಿಯ ರಸ್ತೆಗಳಲ್ಲಿ, ಮಂಜು ಕವಿದ ಬಾಬಾಬುಡನ್‌ಗಿರಿಯ ತಿರುವುಗಳಲ್ಲಿ ನಿಧಾನಕ್ಕೆ ಹೋದವರೂ ಉರುಳಿದ್ದಾರೆ.

ಅಪಘಾತದಲ್ಲಿ ಬೇರೆಯವರು ಗಾಯಗೊಂಡರೆ, ಸತ್ತರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕ್ಲೇಮು ಬರುತ್ತದೆ. ಲೈಸೆನ್ಸ್ ಇಲ್ಲದ ಹುಡುಗ ಓಡಿಸಿದ್ದರೆ ವಿಮಾ ಕಂಪನಿಯಿಂದ ಸಂತ್ರಸ್ತರಿಗೆ ಹಣ ಕೊಡಿಸಿ, ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಕಂಪನಿಗೆ ಬಿಡುವುದುಂಟು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನು ವಿವರಿಸಿದೆ. ಹತ್ತಾರು ಲಕ್ಷದ ಪರಿಹಾರ ಹೀಗೆ ಒಂದು ಕುಟುಂಬದ ಕಾಫಿ ತೋಟದ ಮೇಲೆ ಬಂದು ಕೂರಬಹುದು.

ಇಷ್ಟೆಲ್ಲ ಕಲಂಗಳನ್ನು ಓದಿದ ಮೇಲೆ ಒಂದು ಅಪಾಯವಿದೆ. ಪಾರ್ಟಿಯಲ್ಲಿ ಹುಡುಗನೊಬ್ಬ ಎಚ್ಚರ ತಪ್ಪಿದರೆ, ಕೇಸಾಗುತ್ತದೆಂಬ ಹೆದರಿಕೆಯಿಂದ ದೊಡ್ಡವರು ಆಸ್ಪತ್ರೆಗೆ ಕರೆದೊಯ್ಯದೆ ಮುಚ್ಚಿಡಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಕೊಟ್ಟದ್ದು ಆಗಿಹೋಗಿದೆ. ಜೀವ ಉಳಿಸಿದವರ ಸ್ಥಿತಿಗೂ, ಬಾಗಿಲು ಹಾಕಿಕೊಂಡು ಸಾಯಲು ಬಿಟ್ಟವರ ಸ್ಥಿತಿಗೂ ನ್ಯಾಯಾಲಯದ ಮುಂದೆ ಅಜಗಜಾಂತರ.

ಹದಿಹರೆಯದ ಮೈ ಮದ್ಯವನ್ನು ತಡೆದುಕೊಳ್ಳುವುದು ಕಡಿಮೆ. ಗಟಗಟ ಕುಡಿದದ್ದು ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಹಾಗಾಗಿ ಕುಡಿಯುವುದು ನಿಲ್ಲಿಸಿದ ಮೇಲೂ ಅಮಲು ಏರಬಹುದು. "ಮಲಗಲಿ ಬಿಡು, ಬೆಳಿಗ್ಗೆ ಸರಿಹೋಗ್ತಾನೆ" ಎಂಬುದು ಅದಕ್ಕೇ ಅಪಾಯದ ಮಾತು. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಸಿರಾಟ ನಿಧಾನವಾಗಬಹುದು, ರಕ್ತದಲ್ಲಿ ಸಕ್ಕರೆ ಕುಸಿಯಬಹುದು. ಮಲೆನಾಡಿನ ಮಳೆಯ ರಾತ್ರಿಯಲ್ಲಿ ಹೊರಗೆ ಬಿದ್ದಿದ್ದರೆ ಮೈ ತಣ್ಣಗಾಗಿಯೇ ಪ್ರಾಣಕ್ಕೆ ಕುತ್ತು ಬರಬಹುದು. ನಿಂಬೆಹಣ್ಣು, ಮಜ್ಜಿಗೆ, ಸ್ಟ್ರಾಂಗ್ ಕಾಫಿ ಇವ್ಯಾವುವೂ ರಕ್ತದಲ್ಲಿನ ಮದ್ಯವನ್ನು ಇಳಿಸುವುದಿಲ್ಲ. ಎಚ್ಚರ ಇಲ್ಲದವನ ಬಾಯಿಗೆ ಏನನ್ನೂ ಹಾಕಬಾರದು, ತಣ್ಣೀರು ಸುರಿಯಬಾರದು. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಪಕ್ಕದಲ್ಲೇ ಒಬ್ಬರು ಕೂತಿದ್ದು, 108ಕ್ಕೆ ಫೋನ್ ಮಾಡಬೇಕು. ತೋಟದ ಮನೆಗೆ ಆಂಬ್ಯುಲೆನ್ಸ್ ಬರಲು ಹೊತ್ತಾಗುತ್ತದೆಂದಾದರೆ, ಕುಡಿಯದ ಒಬ್ಬರು ಜೀಪಿನಲ್ಲಿ ಹಾಕಿಕೊಂಡು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡುವುದು ವಾಸಿ.

ಆಸ್ಪತ್ರೆಯಲ್ಲಿ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಎಂದು ಬರೆದುಕೊಂಡು ಪೊಲೀಸರಿಗೆ ತಿಳಿಸಬಹುದು. ಅದಕ್ಕೆ ಹೆದರಿ "ಊಟ ಒಗ್ಗಲಿಲ್ಲ ಡಾಕ್ಟ್ರೇ" ಎಂದು ಸುಳ್ಳು ಹೇಳಿದರೆ ಚಿಕಿತ್ಸೆಯೇ ತಪ್ಪಾಗಬಹುದು. ಏನು ಕುಡಿದ, ಸುಮಾರು ಎಷ್ಟು, ಎಷ್ಟು ಹೊತ್ತಾಯಿತು, ಜೊತೆಗೆ ಮಾತ್ರೆಯೋ ಬೇರೆ ಏನಾದರೂ ತೆಗೆದುಕೊಂಡನೋ, ಬೀಳುವಾಗ ತಲೆಗೆ ಪೆಟ್ಟಾಯಿತೋ, ಇಷ್ಟನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಪಾರ್ಟಿಯಲ್ಲಿ ಅಮಲಿನಲ್ಲಿದ್ದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, ಅದನ್ನು ಪೊಲೀಸರಿಗೆ ತಿಳಿಸುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ತಿಳಿದವರೆಲ್ಲರ ಕರ್ತವ್ಯ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಸಜೆಯಾಗಬಹುದು. ಪಕ್ಕದ ಮನೆಯಲ್ಲಿ ಮಕ್ಕಳಿಗೆ ಕುಡಿಸುತ್ತಿದ್ದಾರೆಂದು ಕಂಡವರು, ಜಗಳ ಬೇಡವೆನಿಸಿದರೆ, 1098 ಮಕ್ಕಳ ಸಹಾಯವಾಣಿಗೆ ತಿಳಿಸಬಹುದು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಆ ಮಗು ಬಂದರೆ, ಅದನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೆಂದು ನೋಡಿ, ಮನೆಯವರ ಜೊತೆ ಮಾತಾಡಿ, ಆಪ್ತಸಮಾಲೋಚನೆಗೋ ಚಿಕಿತ್ಸೆಗೋ ಕಳಿಸುವ ಅಧಿಕಾರ ಸಮಿತಿಗಿದೆ.